ಬೆರಕೆಯೊಳಗಿನ ನಿಯಮ

1950ರ ದಶಕದ ನಡುವಿನಲ್ಲಿ ಜಾರ್ಜ್ ಫೆಹೆರ್ ಎಂಬ ಪ್ರಯೋಗ ವಿಜ್ಞಾನಿ ಸಿಲಿಕಾನ್ ಹರಳುಗಳ ಮೇಲೆ ಕೆಲಸ ಮಾಡುತ್ತಿದ್ದರು. ಜಾಗ ಅಮೆರಿಕದ ನ್ಯೂಜೆರ್ಸಿಯ ಮರ್ರೇ ಹಿಲ್, ಬೆಲ್ ಪ್ರಯೋಗಾಲಯ. ಹರಳಿಗೆ ತುಸುವೇ ರಂಜಕ ಬೆರೆಸಲಾಗಿತ್ತು. ಸಿಲಿಕಾನ್‌ನ ಜಾಗದಲ್ಲಿ ಕೂತ ಪ್ರತಿ ರಂಜಕದ ಪರಮಾಣುವಿನ ಬಳಿ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಉಳಿಯುತ್ತದೆ. ಆ ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ, ಅಂದರೆ ಅದೊಂದು ಅತಿ ಪುಟ್ಟ ಅಯಸ್ಕಾಂತ. ಹರಳನ್ನು ದ್ರವ ಹೀಲಿಯಂನ ತಾಪಕ್ಕೆ ಇಳಿಸಿ, ಸರಿಯಾದ ಆವರ್ತನದ ಸೂಕ್ಷ್ಮತರಂಗ ಹಾಯಿಸಿದರೆ ಕೆಲವು ಸ್ಪಿನ್‌ಗಳು ಮಗುಚಿಕೊಳ್ಳುತ್ತವೆ. ಹಾಗೆ ಮಗುಚಿದ ಸ್ಪಿನ್ ತನ್ನ ಸ್ಥಿತಿಯನ್ನು ಪಕ್ಕದ ರಂಜಕದ ಸ್ಪಿನ್‌ಗೆ ದಾಟಿಸಬೇಕು, ಅದು ಇನ್ನೊಂದಕ್ಕೆ, ಹೀಗೆ ಹರಳಿನ ತುಂಬ ಬೇಗನೆ ಹರಡಿಹೋಗಬೇಕು. ಪಠ್ಯಪುಸ್ತಕದ ಲೆಕ್ಕ ಹೇಳುತ್ತಿದ್ದುದು ಅದನ್ನೇ. ಫೆಹೆರ್ ಅವರ ಹರಳಿನಲ್ಲಿ ಅದು ಹರಡಲಿಲ್ಲ. ಸೆಕೆಂಡುಗಳು ಕಳೆದು ನಿಮಿಷಗಳಾದರೂ ಮಗುಚಿದ ಸ್ಪಿನ್‌ಗಳು ಇದ್ದಲ್ಲೇ ಇದ್ದವು.

ಅದೇ ಪ್ರಯೋಗಾಲಯದಲ್ಲಿದ್ದ ಫಿಲಿಪ್ ಆಂಡರ್ಸನ್ ಅವರಿಗೆ ಆಗ ಮೂವತ್ತು ದಾಟಿ ಎರಡು ಮೂರು ವರ್ಷ. ಕಾಗದ, ಪೆನ್ಸಿಲ್ಲಿನಲ್ಲಿ ಕೆಲಸ ಮಾಡುವ ಸೈದ್ಧಾಂತಿಕ ಭೌತವಿಜ್ಞಾನಿ. ಈ ಅಳತೆಗಳನ್ನು ಕಂಡು ಅವರು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು: ಹರಡಬೇಕಾದದ್ದು ಹರಡದೆ ನಿಂತದ್ದೇಕೆ? 1958ರ ಮಾರ್ಚ್‌ನಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಉತ್ತರ ಪ್ರಕಟವಾಯಿತು. ಸಾಂದ್ರದ್ರವ್ಯ ಭೌತಶಾಸ್ತ್ರ ಎಂದು ನಾವು ಇಂದು ಕರೆಯುವ ವಿಭಾಗದ ಸ್ವಭಾವ ಆ ಒಂದು ಪ್ರಬಂಧದಲ್ಲೇ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಆಂಡರ್ಸನ್ ಅವರ ವೃತ್ತಿಜೀವನವನ್ನು ಇಲ್ಲಿ ಹಿಡಿದು ನೋಡುವುದೂ ಅದಕ್ಕಾಗಿಯೇ. ಕಚ್ಚಾ ವಸ್ತುವಿನಿಂದ, ಅದರ ಬೆರಕೆಯಿಂದ, ಅದರ ಓರೆಕೋರೆಯಿಂದಲೇ ಪ್ರಕೃತಿಯ ನಿಯಮವನ್ನು ಹೊರತೆಗೆಯಬಹುದೆಂದು ನಂಬಿ ಬದುಕಿದವರು ಅವರು.

ಹುಟ್ಟಿದ್ದು 1923ರ ಡಿಸೆಂಬರ್ 13, ಇಂಡಿಯಾನಾಪೊಲಿಸ್‌ನಲ್ಲಿ. ಬೆಳೆದದ್ದು ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾರ್ಥಿವೇತನದ ಮೇಲೆ ಹಾರ್ವರ್ಡ್ ಸೇರಿದರು. ಯುದ್ಧಕಾಲದಲ್ಲಿ ನೌಕಾಪಡೆಯ ಸಂಶೋಧನಾಲಯದಲ್ಲಿ ಆಂಟೆನಾ ಕಟ್ಟುವ ಕೆಲಸ ಮಾಡಿ, ಮತ್ತೆ ಹಾರ್ವರ್ಡ್‌ಗೆ ಮರಳಿ ಜಾನ್ ವಾನ್ ವ್ಲೆಕ್ ಅವರ ಕೈಕೆಳಗೆ 1949ರಲ್ಲಿ ಪಿಎಚ್.ಡಿ. ಮುಗಿಸಿದರು. ವಿಷಯ: ಅನಿಲದ ಒತ್ತಡ ಹೆಚ್ಚಿದಾಗ ಅದರ ರೋಹಿತದ ಗೆರೆಗಳು ಅಗಲವಾಗುವುದೇಕೆ. ಆ ಕಾಲದ ಚುರುಕು ಹುಡುಗರೆಲ್ಲ ನ್ಯೂಕ್ಲಿಯರ್ ಭೌತಶಾಸ್ತ್ರದ ಕಡೆಗೋ ಕಣಗಳ ಕಡೆಗೋ ಮುಖ ಮಾಡಿದ್ದಾಗ ಇಂಥ ವಿಷಯ ಹಿಡಿದವರು ಕಡಿಮೆ. ಆದರೆ ವಾನ್ ವ್ಲೆಕ್ ಅವರಿಂದ ಕಲಿತ ಒಂದು ಅಭ್ಯಾಸ ಅವರಿಗೆ ಕೊನೆವರೆಗೂ ಉಳಿಯಿತು. ಲೆಕ್ಕ ಎಷ್ಟೇ ಸುಂದರವಾಗಿರಲಿ, ಅದು ಅಳೆದ ಅಂಕಿಗೆ ಹೊಂದಬೇಕು.

ಅದೇ 1949ರಲ್ಲಿ ಬೆಲ್ ಪ್ರಯೋಗಾಲಯ ಸೇರಿದರು. ಅದು ದೂರವಾಣಿ ಕಂಪನಿಯ ಸಂಶೋಧನಾ ಕೇಂದ್ರ, ಟ್ರಾನ್ಸಿಸ್ಟರ್ ಹುಟ್ಟಿ ಎರಡು ವರ್ಷವೂ ತುಂಬಿರಲಿಲ್ಲ. ಜಾನ್ ಬಾರ್ಡೀನ್, ವಿಲಿಯಂ ಶಾಕ್ಲಿ, ಚಾರ್ಲ್ಸ್ ಕಿಟೆಲ್, ಕೊನ್ಯರ್ಸ್ ಹೆರಿಂಗ್ ಎಲ್ಲರೂ ಒಂದೇ ಸೂರಿನಡಿ. ಹರಳು ಬೆಳೆಸುವವರು, ಅಳೆಯುವವರು, ಲೆಕ್ಕ ಹಾಕುವವರು ಒಂದೇ ಕಾರಿಡಾರಿನಲ್ಲಿ ಓಡಾಡುತ್ತಿದ್ದರು. ಇಂಥ ವಾತಾವರಣದಲ್ಲಿ ಸೈದ್ಧಾಂತಿಕನಿಗೆ ಸಿಗುವ ಲಾಭವೆಂದರೆ ಇನ್ನೂ ಪ್ರಕಟವಾಗದ, ಅರ್ಥವಾಗದ ಫಲಿತಾಂಶಗಳು. ಹೊಂದದ ಅಂಕಿಯನ್ನು ಪ್ರಯೋಗಕಾರ ಮೊದಲು ತೋರಿಸುವುದು ಪಕ್ಕದ ಕೋಣೆಯವನಿಗೆ. ಆಂಡರ್ಸನ್ ಅಲ್ಲಿ 1984ರವರೆಗೆ, ಮೂವತ್ತೈದು ವರ್ಷ ಇದ್ದರು. ಕೇಂಬ್ರಿಜ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲೂ ಬೆಲ್‌ನ ನಂಟು ಬಿಡಲಿಲ್ಲ.

ಫೆಹೆರ್ ಅವರ ಹರಳಿಗೆ ಮರಳೋಣ. ಸಹಜ ಸಿಲಿಕಾನ್‌ನಲ್ಲಿ ನೂರಕ್ಕೆ ಸುಮಾರು ಐದು ಪರಮಾಣುಗಳು 29 ತೂಕದ ಐಸೋಟೋಪು. ಅವುಗಳ ಬೀಜಕೇಂದ್ರಕ್ಕೆ ಪುಟ್ಟ ಕಾಂತಗುಣವಿದೆ. ಇವು ಹರಳಿನಲ್ಲಿ ಎಲ್ಲೆಂದರಲ್ಲಿ ಚದುರಿಕೊಂಡಿರುವುದರಿಂದ ಒಂದೊಂದು ರಂಜಕದ ಸುತ್ತಲಿನ ಕಾಂತಕ್ಷೇತ್ರವೂ ಬೇರೆ ಬೇರೆ. ಹಾಗಾಗಿ ಒಂದೊಂದು ಸ್ಪಿನ್ ಮಗುಚಲು ಬೇಕಾದ ಶಕ್ತಿಯೂ ತುಸು ಬೇರೆ. ಇಲ್ಲಿನ ಸ್ಪಿನ್ ತನ್ನ ಸ್ಥಿತಿಯನ್ನು ಪಕ್ಕದ್ದಕ್ಕೆ ದಾಟಿಸಲು ಹೋದರೆ ಶಕ್ತಿಯ ಲೆಕ್ಕ ತಾಳೆಯಾಗುವುದಿಲ್ಲ. ಈ ವ್ಯತ್ಯಾಸ ಚಿಕ್ಕದು, ಹೇಗೋ ಸರಿದೂಗುತ್ತದೆ, ಒಟ್ಟಿನಲ್ಲಿ ಹರಡುವ ವೇಗ ತುಸು ತಗ್ಗಬಹುದು ಎಂದೇ ಎಲ್ಲರೂ ಭಾವಿಸುತ್ತಿದ್ದರು.

ಆಂಡರ್ಸನ್ ಸಮಸ್ಯೆಯನ್ನು ಬರಿಯ ಎರಡು ಸಂಖ್ಯೆಗಳಿಗೆ ಇಳಿಸಿದರು. ಒಂದು, ಪಕ್ಕದ ತಾಣಕ್ಕೆ ಜಿಗಿಯುವ ಬಲ. ಇನ್ನೊಂದು, ತಾಣದಿಂದ ತಾಣಕ್ಕೆ ಶಕ್ತಿ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ. ಏರುಪೇರು ಜಿಗಿತದ ಬಲಕ್ಕಿಂತ ಸಾಕಷ್ಟು ದೊಡ್ಡದಾದರೆ ಹರಡುವಿಕೆ ನಿಧಾನವಾಗುವ ಪ್ರಶ್ನೆಯೇ ಇಲ್ಲ, ಅದು ಪೂರ್ತಿ ನಿಂತುಹೋಗುತ್ತದೆ ಎಂದು ತೋರಿಸಿದರು. ಕ್ವಾಂಟಂ ಲೆಕ್ಕದಲ್ಲಿ ಜಿಗಿಯುವ ಸ್ಪಿನ್ ಸ್ಥಿತಿಯೂ ಎಲೆಕ್ಟ್ರಾನೂ ಒಂದೊಂದು ಅಲೆ. ಅನಂತ ಕಾಲ ಕಾದರೂ ಆ ಅಲೆ ಹುಟ್ಟಿದ ಜಾಗದ ಸುತ್ತಲೇ ಉಳಿಯುತ್ತದೆ. ದೂರ ಹೋದಂತೆ ಅದರ ಎತ್ತರ ಘಾತೀಯವಾಗಿ ಕುಗ್ಗುತ್ತದೆ. ಎಲೆಕ್ಟ್ರಾನನ್ನು ಯಾವ ಗೋಡೆಯೂ ತಡೆದಿಲ್ಲ, ಯಾವ ಗುಂಡಿಯೂ ಹಿಡಿದಿಟ್ಟಿಲ್ಲ. ಅಸ್ತವ್ಯಸ್ತತೆಯೊಂದೇ ಅದನ್ನು ಕಟ್ಟಿಹಾಕುತ್ತದೆ.

ಈ ಲೆಕ್ಕದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ನನಗೆ ಬಹಳ ಮೆಚ್ಚಿನದು. ಭೌತವಿಜ್ಞಾನಿಗಳು ಅಸ್ತವ್ಯಸ್ತ ವಸ್ತುವನ್ನು ಕಂಡೊಡನೆ ಸರಾಸರಿ ತೆಗೆಯುತ್ತಾರೆ. ಎಲ್ಲ ತಾಣಗಳ ಸರಾಸರಿ ತೆಗೆದರೆ ಇಲ್ಲೂ ಹರಡುವಿಕೆಯೇ ಕಾಣುತ್ತದೆ, ಏಕೆಂದರೆ ಅಪರೂಪಕ್ಕೆ ಶಕ್ತಿ ಹೊಂದುವ ನಾಲ್ಕಾರು ತಾಣಗಳು ಸರಾಸರಿಯನ್ನು ತಮ್ಮ ಕಡೆಗೆ ಎಳೆದುಬಿಡುತ್ತವೆ. ಆಂಡರ್ಸನ್ ಸರಾಸರಿಯನ್ನು ನಂಬಲಿಲ್ಲ. ಯಾವುದೋ ಒಂದು ಸಾಮಾನ್ಯ ತಾಣವನ್ನು ಆರಿಸಿಕೊಂಡು, ಅಲ್ಲಿ ಹುಟ್ಟಿದ ಅಲೆ ಅಲ್ಲೇ ಉಳಿಯುವ ಸಂಭವವೆಷ್ಟು, ಆ ಸಂಭವದ ಹಂಚಿಕೆ ಹೇಗಿದೆ ಎಂದು ಕೇಳಿದರು. ನಿಜವಾದ ಹರಳಿನಲ್ಲಿ ಕೂತ ನಿಜವಾದ ಎಲೆಕ್ಟ್ರಾನಿಗೆ ಸರಾಸರಿ ಸಿಗುವುದಿಲ್ಲ, ತನ್ನ ನೆರೆಹೊರೆ ಮಾತ್ರ ಸಿಗುತ್ತದೆ. ಅಂದಿನ ಓದುಗರಿಗೆ ಈ ದಾರಿ ಪೂರ್ತಿ ಅಪರಿಚಿತ. ಪ್ರಬಂಧವನ್ನು ಹಲವು ವರ್ಷಗಳ ಕಾಲ ಹೆಚ್ಚು ಜನ ಓದಲಿಲ್ಲ, ಓದಿದವರಲ್ಲೂ ಒಪ್ಪಿದವರು ಕೆಲವರೇ. ಅದರ ಬೆಲೆ ಬೇಗ ಅರಿತವರೆಂದರೆ ಇಂಗ್ಲೆಂಡಿನ ನೆವಿಲ್ ಮಾಟ್. ಗಾಜಿನಂಥ ಅರೆವಾಹಕಗಳ ಅಧ್ಯಯನಕ್ಕೆ ಅವರು ಇದನ್ನೇ ಬುನಾದಿ ಮಾಡಿಕೊಂಡರು.

ಗಮನ ಸಿಗಲಿಲ್ಲವೆಂದು ಆಂಡರ್ಸನ್ ಕೈಕಟ್ಟಿ ಕೂರಲಿಲ್ಲ. 1959ರಲ್ಲಿ, ಕಾಂತಗುಣವಿಲ್ಲದ ಬೆರಕೆ ಸೇರಿದರೂ ಅತಿವಾಹಕತೆ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಗುಣ, ಏಕೆ ಹೆಚ್ಚು ಕೆಡುವುದಿಲ್ಲವೆಂದು ವಿವರಿಸಿದರು. 1961ರಲ್ಲಿ, ಲೋಹದೊಳಗೆ ಬೆರೆತ ಒಂಟಿ ಕಬ್ಬಿಣದ ಪರಮಾಣು ಯಾವಾಗ ತನ್ನ ಕಾಂತತ್ವ ಉಳಿಸಿಕೊಳ್ಳುತ್ತದೆ, ಯಾವಾಗ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಒಂದು ಮಾದರಿ ಕೊಟ್ಟರು. ಎರಡರಲ್ಲೂ ವಿಷಯ ಮತ್ತೆ ಬೆರಕೆಯೇ.

1961ರಲ್ಲಿ ಒಂದು ವರ್ಷದ ಮಟ್ಟಿಗೆ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಅವರ ಪಾಠ ಕೇಳಲು ಬರುತ್ತಿದ್ದವರಲ್ಲಿ ಬ್ರಯಾನ್ ಜೋಸೆಫ್‌ಸನ್ ಎಂಬ ಇಪ್ಪತ್ತೆರಡರ ಸಂಶೋಧನಾ ವಿದ್ಯಾರ್ಥಿ ಒಬ್ಬರು. ಎರಡು ಅತಿವಾಹಕಗಳ ನಡುವೆ ತೆಳುವಾದ ಅವಾಹಕ ಪದರವಿದ್ದರೆ ವೋಲ್ಟೇಜೇ ಇಲ್ಲದೆ ವಿದ್ಯುತ್ ಹರಿಯಬಲ್ಲದು ಎಂಬ ಲೆಕ್ಕವನ್ನು ಅವರು 1962ರಲ್ಲಿ ತಂದು ಆಂಡರ್ಸನ್‌ಗೆ ತೋರಿಸಿದರು. ಅತಿವಾಹಕತೆಯ ಸಿದ್ಧಾಂತ ಕಟ್ಟಿದ ಬಾರ್ಡೀನ್ ಸ್ವತಃ ಇದನ್ನು ಒಪ್ಪಲಿಲ್ಲ. ಆಂಡರ್ಸನ್ ಒಪ್ಪಿದ್ದಷ್ಟೇ ಅಲ್ಲ, ಬೆಲ್‌ಗೆ ಮರಳಿ ಜಾನ್ ರೋವೆಲ್ ಅವರೊಂದಿಗೆ ಅದನ್ನು ಪ್ರಯೋಗದಲ್ಲಿ ಹುಡುಕತೊಡಗಿದರು. ವೋಲ್ಟೇಜಿಲ್ಲದೆ ವಿದ್ಯುತ್ ಹರಿದರೆ ಪದರದಲ್ಲಿ ತೂತಿದೆ, ಶಾರ್ಟ್ ಆಗಿದೆ ಎಂದು ಆವರೆಗೆ ಎಲ್ಲರೂ ಅಂಥ ಮಾದರಿಗಳನ್ನು ಎಸೆಯುತ್ತಿದ್ದರು. ನಿಜವೋ ಶಾರ್ಟೋ ಎಂದು ಹೇಳಲು ಒಂದು ಒರೆಗಲ್ಲಿತ್ತು. ಜೋಸೆಫ್‌ಸನ್ ಪ್ರವಾಹ ಅತಿ ಕ್ಷೀಣವಾದ ಕಾಂತಕ್ಷೇತ್ರಕ್ಕೂ ಸೊರಗುತ್ತದೆ, ಶಾರ್ಟ್ ಆದದ್ದು ಸೊರಗುವುದಿಲ್ಲ. ರೋವೆಲ್ ಅವರ ಮಾದರಿಯಲ್ಲಿ ಪ್ರವಾಹ ಸೊರಗಿತು. 1963ರಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತು ವರ್ಷಕ್ಕೆ ಜೋಸೆಫ್‌ಸನ್ ಅವರಿಗೆ ನೊಬೆಲ್ ಬಂತು.

ಅದೇ 1963ರಲ್ಲಿ ಆಂಡರ್ಸನ್ ಇನ್ನೊಂದು ಮಾತು ಬರೆದರು. ಅತಿವಾಹಕದೊಳಗೆ ಕಾಂತಕ್ಷೇತ್ರ ಹೆಚ್ಚು ದೂರ ನುಗ್ಗಲಾರದು. ಅಂದರೆ ಹೊರಗೆ ದ್ರವ್ಯರಾಶಿಯಿಲ್ಲದ ಬೆಳಕಿನ ಕಣ ಒಳಗೆ ದ್ರವ್ಯರಾಶಿ ಪಡೆದಂತೆ ವರ್ತಿಸುತ್ತದೆ. ಕಣಭೌತಶಾಸ್ತ್ರದವರನ್ನು ಕಾಡುತ್ತಿದ್ದ ಒಂದು ಒಗಟಿಗೂ ಇದೇ ಉತ್ತರವಾಗಬಹುದು ಎಂದು ಅವರು ಸೂಚಿಸಿದರು. ಮರುವರ್ಷ ಪೀಟರ್ ಹಿಗ್ಸ್ ಮತ್ತು ಬೇರೆ ಎರಡು ತಂಡಗಳವರು ಸಾಪೇಕ್ಷತಾ ಸಿದ್ಧಾಂತಕ್ಕೆ ಹೊಂದುವ ಪೂರ್ಣ ರೂಪ ಕೊಟ್ಟರು. 2012ರಲ್ಲಿ ಸರ್ನ್‌ನಲ್ಲಿ ಕಂಡ ಹಿಗ್ಸ್ ಕಣದ ಹಿಂದಿನ ವಿಚಾರದ ಒಂದು ಬೇರು ತಣ್ಣನೆಯ ಲೋಹದಲ್ಲಿದೆ ಎಂಬುದು ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು.

1967ರಿಂದ 1975ರವರೆಗೆ ಅವರು ವರ್ಷದ ಒಂದು ಭಾಗವನ್ನು ಕೇಂಬ್ರಿಜ್‌ನಲ್ಲಿ ಕಳೆದರು. ಅಲ್ಲಿನ ‘ಘನಸ್ಥಿತಿ ಸಿದ್ಧಾಂತ’ದ ಗುಂಪಿಗೆ ಅವರೂ ಫೋಲ್ಕರ್ ಹೈನೆ ಅವರೂ ಸೇರಿ ‘ಸಾಂದ್ರದ್ರವ್ಯ ಸಿದ್ಧಾಂತ’ ಎಂಬ ಹೆಸರಿಟ್ಟರು. ದ್ರವ ಹೀಲಿಯಂ, ಪಾಲಿಮರ್‌ಗಳೆಲ್ಲ ಒಳಗೆ ಬಂದಿದ್ದವು, ಘನವಸ್ತು ಎಂಬ ಬೇಲಿ ಸಾಲದಾಗಿತ್ತು. 1978ರಲ್ಲಿ ಅಮೆರಿಕದ ಭೌತವಿಜ್ಞಾನ ಸಂಘವೂ ತನ್ನ ವಿಭಾಗದ ಹೆಸರು ಬದಲಿಸಿತು.

ಆ ಅವಧಿಯಲ್ಲೇ, 1972ರ ಆಗಸ್ಟ್ 4ರ ‘ಸೈನ್ಸ್’ ಪತ್ರಿಕೆಯಲ್ಲಿ, ನಾಲ್ಕು ಪುಟದ ಒಂದು ಬರಹ ಬಂತು. ಶೀರ್ಷಿಕೆ ‘ಮೋರ್ ಈಸ್ ಡಿಫರೆಂಟ್’. ಕಣಗಳ ಮೂಲನಿಯಮ ಗೊತ್ತಾದರೆ ಉಳಿದದ್ದೆಲ್ಲ ಅದರ ಅನ್ವಯ ಮಾತ್ರ ಎಂದು ಅಂದಿನ ದೊಡ್ಡ ಹೆಸರುಗಳು ಹೇಳುತ್ತಿದ್ದವು. ಎಲ್ಲವೂ ಅದೇ ನಿಯಮಗಳನ್ನು ಪಾಲಿಸುತ್ತವೆ ಎಂಬುದನ್ನು ಆಂಡರ್ಸನ್ ಪೂರ್ತಿ ಒಪ್ಪುತ್ತಾರೆ. ಆ ನಿಯಮಗಳಿಂದ ಹೊರಟು ಜಗತ್ತನ್ನು ಮತ್ತೆ ಕಟ್ಟಿಬಿಡಬಹುದು ಎಂಬುದನ್ನು ಒಪ್ಪುವುದಿಲ್ಲ. ಅವರು ಕೊಟ್ಟ ಒಂದು ಉದಾಹರಣೆ ಅಮೋನಿಯಾ ಅಣು. ಅದರ ನೈಟ್ರೊಜನ್ ಮೂರು ಹೈಡ್ರೊಜನ್‌ಗಳ ತಳದ ಮೇಲೊಮ್ಮೆ ಕೆಳಗೊಮ್ಮೆ ಸೆಕೆಂಡಿಗೆ ಸಾವಿರಾರು ಕೋಟಿ ಸಲ ತಿರುಗಿಕೊಳ್ಳುತ್ತಿರುತ್ತದೆ. ಹಾಗಾಗಿ ಕ್ವಾಂಟಂ ನಿಯಮ ಬಯಸುವ ಸಮಮಿತಿ ಉಳಿಯುತ್ತದೆ. ಅಣು ದೊಡ್ಡದಾದಂತೆ ಈ ತಿರುಗಾಟ ನಿಧಾನವಾಗುತ್ತದೆ. ಸಕ್ಕರೆಯ ಗಾತ್ರಕ್ಕೆ ಬಂದಾಗ ನಿಂತೇಹೋಗುತ್ತದೆ, ಅಣು ಎಡಗೈ ಅಥವಾ ಬಲಗೈ ರೂಪವೊಂದನ್ನು ಹಿಡಿದು ಕೂರುತ್ತದೆ. ನಿಯಮ ಬದಲಾಗಿಲ್ಲ, ಸಂಖ್ಯೆ ಬೆಳೆದಿದೆ ಅಷ್ಟೆ. ಸಕ್ಕರೆಯ ನಡವಳಿಕೆಯನ್ನು ತಿಳಿಯಲು ಮಾತ್ರ ಹೊಸ ಪ್ರಶ್ನೆಗಳನ್ನೇ ಕೇಳಬೇಕು.

ಈ ನಿಲುವಿಗೆ ಸಾರ್ವಜನಿಕ ಪರಿಣಾಮವೂ ಇತ್ತು. ಟೆಕ್ಸಸ್‌ನಲ್ಲಿ ಕಟ್ಟಲು ಹೊರಟಿದ್ದ ಬೃಹತ್ ಕಣವೇಗವರ್ಧಕದ ವಿರುದ್ಧ ಅವರು ಅಮೆರಿಕದ ಸಂಸತ್ತಿನ ಸಮಿತಿಗಳ ಮುಂದೆ ಸಾಕ್ಷ್ಯ ನುಡಿದರು. ಅಷ್ಟೊಂದು ಹಣ ಒಂದೇ ಯಂತ್ರಕ್ಕೆ ಹೋಗುವುದು ನ್ಯಾಯವಲ್ಲ ಎಂಬುದು ಅವರ ವಾದ. 1993ರಲ್ಲಿ ಯೋಜನೆ ರದ್ದಾಯಿತು. ಕಣವಿಜ್ಞಾನಿಗಳಲ್ಲಿ ಅನೇಕರು ಅವರನ್ನು ಬಹಳ ಕಾಲ ಕ್ಷಮಿಸಲಿಲ್ಲ. ಉಳಿದ ಹಣವೇನೂ ಸಣ್ಣ ಪ್ರಯೋಗಾಲಯಗಳಿಗೆ ಬರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಾದ ಸರಿಯಿತ್ತೆಂದೇ ನನ್ನ ಎಣಿಕೆ, ಆದರೆ ಅದರಿಂದ ವಿಜ್ಞಾನದ ಒಂದು ಕವಲಿಗೆ ಆದ ಪೆಟ್ಟು ನಿಜವಾದದ್ದು.

ಇದಕ್ಕೂ ಬಹಳ ಮುಂಚೆ, 1977ರಲ್ಲಿ ಆಂಡರ್ಸನ್, ಮಾಟ್ ಮತ್ತು ವಾನ್ ವ್ಲೆಕ್ ಮೂವರಿಗೂ ಸೇರಿ ಭೌತವಿಜ್ಞಾನದ ನೊಬೆಲ್ ಬಂತು. ಗುರುಶಿಷ್ಯರು ಒಂದೇ ವರ್ಷ, ಒಂದೇ ವೇದಿಕೆಯಲ್ಲಿ. ಆದರೆ 1958ರ ಲೆಕ್ಕ ಇನ್ನೂ ಅರ್ಧದಲ್ಲೇ ಇತ್ತು. ಅಸ್ತವ್ಯಸ್ತತೆ ನಿಧಾನವಾಗಿ ಹೆಚ್ಚಿದಾಗ ಲೋಹವೊಂದು ಅವಾಹಕವಾಗಿ ಬದಲಾಗುವ ಬಗೆ ಯಾರಿಗೂ ಸ್ಪಷ್ಟವಿರಲಿಲ್ಲ.

ಆ ಹೊತ್ತಿಗೆ ಪ್ರಿನ್ಸ್‌ಟನ್‌ಗೆ ಐಐಟಿ ಕಾನ್ಪುರದಿಂದ ಟಿ.ವಿ. ರಾಮಕೃಷ್ಣನ್ ಬಂದಿದ್ದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಪಾಠ ಮಾಡಿದ ಅದೇ ರಾಮಕೃಷ್ಣನ್. ರಟ್ಗರ್ಸ್ ವಿಶ್ವವಿದ್ಯಾಲಯದಿಂದ ಎಲಿಹು ಅಬ್ರಹಾಮ್ಸ್ ಬರುತ್ತಿದ್ದರು. ಡೊನಾಲ್ಡ್ ಲಿಚಾರ್ಡೆಲ್ಲೊ ಎಂಬ ಕಿರಿಯರು ಇಂಗ್ಲೆಂಡಿನಲ್ಲಿ ಡೇವಿಡ್ ಥೌಲೆಸ್ ಅವರೊಂದಿಗೆ ಕೆಲಸ ಮಾಡಿ ಅವರ ವಿಚಾರಗಳನ್ನು ಜೊತೆಗೆ ತಂದಿದ್ದರು. ಈ ಮೂವರು ಮತ್ತು ಆಂಡರ್ಸನ್, ಒಟ್ಟು ನಾಲ್ವರು 1979ರಲ್ಲಿ ಬರೆದ ನಾಲ್ಕು ಪುಟದ ಪ್ರಬಂಧವನ್ನು ಕ್ಷೇತ್ರದವರು ಇಂದಿಗೂ ‘ಗ್ಯಾಂಗ್ ಆಫ್ ಫೋರ್’ ಎಂದೇ ಕರೆಯುತ್ತಾರೆ. ಚೀನಾದ ರಾಜಕಾರಣದಲ್ಲಿ ಆಗ ಸುದ್ದಿಯಲ್ಲಿದ್ದ ಹೆಸರು ಅದು.

ಅವರು ಕೇಳಿದ ಪ್ರಶ್ನೆ ಹೀಗಿದೆ. ಒಂದು ಲೋಹದ ತುಂಡಿನ ವಾಹಕತೆ ಗೊತ್ತು. ಅಂಥದೇ ತುಂಡುಗಳನ್ನು ಜೋಡಿಸಿ ಪ್ರತಿ ಬದಿಯ ಉದ್ದವನ್ನೂ ಇಮ್ಮಡಿ ಮಾಡಿದರೆ ವಾಹಕತೆ ಏನಾಗುತ್ತದೆ? ಒಳ್ಳೆಯ ಲೋಹವಾದರೆ ಓಮ್ ನಿಯಮವೇ ಸಾಕು: ಗಟ್ಟಿಯಲ್ಲಿ ವಾಹಕತೆ ಇಮ್ಮಡಿಯಾಗುತ್ತದೆ, ತಂತಿಯಲ್ಲಿ ಅರ್ಧವಾಗುತ್ತದೆ, ತೆಳು ಹಾಳೆಯಲ್ಲಿ ಇದ್ದಷ್ಟೇ ಇರುತ್ತದೆ. ವಾಹಕತೆ ತೀರ ಕಡಿಮೆಯಾದರೆ ಅಲೆಗಳು ಸಿಕ್ಕಿಕೊಂಡಿವೆ ಎಂದರ್ಥ, ಆಗ ಗಾತ್ರ ಹೆಚ್ಚಿದಂತೆ ಅದು ಘಾತೀಯವಾಗಿ ಬೀಳುತ್ತದೆ. ಮುಂದಿನ ಹೆಜ್ಜೆಯನ್ನು ನಿರ್ಧರಿಸುವುದು ಈಗಿನ ವಾಹಕತೆಯೊಂದೇ, ವಸ್ತುವಿನ ಉಳಿದ ವಿವರಗಳು ಬೇಕಿಲ್ಲ ಎಂದು ಅವರು ವಾದಿಸಿದರು. ಗಟ್ಟಿಯಲ್ಲಿ ಒಂದು ಹೊಸ್ತಿಲಿದೆ: ಅದರ ಈಚೆಗಿದ್ದರೆ ಲೋಹ, ಆಚೆಗಿದ್ದರೆ ಅವಾಹಕ. ಹಾಳೆಯ ವಿಷಯದಲ್ಲಿ ಮಾತ್ರ ಎಲ್ಲವೂ ಒಂದು ಕೂದಲೆಳೆಯ ಮೇಲೆ ನಿಂತಿದೆ, ಏಕೆಂದರೆ ಓಮ್ ನಿಯಮದ ಪ್ರಕಾರ ಅಲ್ಲಿ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಅತಿ ಚಿಕ್ಕ ತಿದ್ದುಪಡಿಯೂ ತೀರ್ಪನ್ನು ತಿರುಗಿಸುತ್ತದೆ.

ಆ ತಿದ್ದುಪಡಿ ಬರುವುದು ಹಿಂದಿರುಗುವ ಅಲೆಗಳಿಂದ. ಬೆರಕೆಗಳಿಗೆ ಡಿಕ್ಕಿ ಹೊಡೆಯುತ್ತ ಎಲೆಕ್ಟ್ರಾನು ಸುತ್ತಿ ಹೊರಟಲ್ಲಿಗೇ ಬರುವ ಒಂದು ದಾರಿಯನ್ನು ನೆನೆಯಿರಿ. ಅದೇ ದಾರಿಯನ್ನು ಎದುರು ದಿಕ್ಕಿನಲ್ಲೂ ಸುತ್ತಬಹುದು. ಎರಡೂ ಅಲೆಗಳು ನಡೆದ ದೂರ ಒಂದೇ, ಆದ್ದರಿಂದ ಅವು ಏರಿಗೆ ಏರು ಸೇರಿ ಕೂಡಿಕೊಳ್ಳುತ್ತವೆ. ಅಂದರೆ ಎಲೆಕ್ಟ್ರಾನು ಹೊರಟಲ್ಲಿಗೆ ಮರಳುವ ಸಂಭವ ಸಾದಾ ಕಣಕ್ಕಿಂತ ಇಮ್ಮಡಿ. ಹಾಳೆ ದೊಡ್ಡದಾದಂತೆ ಇಂಥ ಸುತ್ತುದಾರಿಗಳು ಹೆಚ್ಚುತ್ತಲೇ ಹೋಗುತ್ತವೆ, ವಾಹಕತೆ ತುಸು ತುಸುವೇ ತಗ್ಗುತ್ತ ಹೋಗುತ್ತದೆ. ಎಲೆಕ್ಟ್ರಾನುಗಳು ಪರಸ್ಪರ ತಳ್ಳಾಡುವುದನ್ನು ಬದಿಗಿಟ್ಟರೆ, ಸಾಕಷ್ಟು ದೊಡ್ಡದಾದ, ಸಾಕಷ್ಟು ತಣ್ಣಗಿರುವ ಬೆರಕೆಯ ಹಾಳೆ ಯಾವುದೂ ಕೊನೆಗೆ ಲೋಹವಾಗಿ ಉಳಿಯುವುದಿಲ್ಲ. ಅದೇ ವರ್ಷ ಬೆಲ್‌ನಲ್ಲಿ ಜೆರಾಲ್ಡ್ ಡೋಲನ್ ಮತ್ತು ಡಗ್ಲಸ್ ಆಷರಾಫ್ ಚಿನ್ನ-ಪಲ್ಲೇಡಿಯಂ ಮಿಶ್ರಣದ ತೆಳು ಪದರಗಳನ್ನು ತಣಿಸಿ ಅಳೆದರು. ತಾಪ ಇಳಿದಂತೆ ರೋಧ ಲಾಗರಿದಂ ಲೆಕ್ಕದಲ್ಲಿ ಏರುತ್ತಿತ್ತು, ಸಿದ್ಧಾಂತ ಹೇಳಿದ್ದ ರೀತಿಯಲ್ಲೇ. ಇಪ್ಪತ್ತು ವರ್ಷ ಮೂಲೆಯಲ್ಲಿದ್ದ ವಿಷಯ ಒಂದೇ ವರ್ಷದಲ್ಲಿ ನಡುಮನೆಗೆ ಬಂತು.

1986ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದ ಬೆಡ್‌ನೋರ್ಜ್ ಮತ್ತು ಮ್ಯೂಲರ್ ತಾಮ್ರದ ಒಂದು ಆಕ್ಸೈಡಿನಲ್ಲಿ 30 ಕೆಲ್ವಿನ್‌ಗಿಂತ ಮೇಲೆ ಅತಿವಾಹಕತೆಯ ಸುಳಿವು ಕಂಡರು. ಅಲ್ಲಿಯವರೆಗಿನ ದಾಖಲೆ 23 ಕೆಲ್ವಿನ್. 1987ರ ಜನವರಿಯಲ್ಲಿ ಬೆಂಗಳೂರಿನಲ್ಲಿ ವೇಲೆನ್ಸ್ ಏರಿಳಿತಗಳ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವಿತ್ತು. ಅಲ್ಲಿಗೆ ಬಂದ ಆಂಡರ್ಸನ್ ಈ ಹೊಸ ಅತಿವಾಹಕಕ್ಕೆ ತಮ್ಮ ವಿವರಣೆಯನ್ನು ಮೊದಲು ಮುಂದಿಟ್ಟದ್ದು ಆ ಸಭೆಯಲ್ಲೇ. ಸಿ.ಎನ್.ಆರ್. ರಾವ್ ಅವರ ತಂಡ ಇಂಥ ಪದರ ಪದರದ ಆಕ್ಸೈಡುಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಗಳಿಂದ ಅಧ್ಯಯನ ಮಾಡುತ್ತಿತ್ತು. ಮಾರ್ಚ್‌ನಲ್ಲಿ ‘ಸೈನ್ಸ್’ನಲ್ಲಿ ಆಂಡರ್ಸನ್ ಅವರ ಪ್ರಬಂಧ ಬಂತು. ಅದನ್ನು ಗಣಿತವಾಗಿ ಬೆಳೆಸುವ ಮೊದಲ ಕೆಲಸದಲ್ಲಿ ಪ್ರಿನ್ಸ್‌ಟನ್‌ನಲ್ಲಿ ಜಿ. ಭಾಸ್ಕರನ್ ಜೊತೆಗೂಡಿದರು.

ವಿಚಾರ ಇಷ್ಟು. ತಾಮ್ರದ ಪ್ರತಿ ತಾಣದಲ್ಲೂ ಒಂದೊಂದು ಎಲೆಕ್ಟ್ರಾನಿದೆ, ಪರಸ್ಪರ ವಿಕರ್ಷಣೆಯಿಂದ ಅವು ಅಲುಗಾಡಲಾರವು. ಆದರೆ ಅಕ್ಕಪಕ್ಕದ ಸ್ಪಿನ್‌ಗಳು ವಿರುದ್ಧ ಮುಖವಾಗಿ ಜೋಡಿ ಕಟ್ಟುತ್ತವೆ. ಯಾವುದರ ಜೋಡಿ ಯಾವುದು ಎಂಬುದು ಮಾತ್ರ ಗೊತ್ತುಪಡಿಸಿಲ್ಲ. ಕೋಲಾಟದಲ್ಲಿ ಪ್ರತಿ ಪೆಟ್ಟಿಗೂ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರುತ್ತಾನೆ, ಆದರೆ ಜೊತೆಗಾರ ಬದಲಾಗುತ್ತಲೇ ಇರುತ್ತಾನೆ. ಹಾಗೆ. ಅತಿವಾಹಕತೆಗೆ ಎಲೆಕ್ಟ್ರಾನುಗಳು ಜೋಡಿಯಾಗಲೇಬೇಕು. ಇಲ್ಲಿ ಜೋಡಿಗಳು ಮೊದಲೇ ಸಿದ್ಧವಿವೆ. ಆ ಆಕ್ಸೈಡಿನಲ್ಲಿರುವ ಲ್ಯಾಂಥನಂ ಜಾಗದಲ್ಲಿ ತುಸು ಬೇರಿಯಂ ಬೆರೆಸಿ ಕೆಲವು ಎಲೆಕ್ಟ್ರಾನುಗಳನ್ನು ತೆಗೆದರೆ ಓಡಾಡಲು ಜಾಗ ಸಿಗುತ್ತದೆ, ಆ ಜೋಡಿಗಳೇ ಅತಿವಾಹಕ ಪ್ರವಾಹವಾಗಿ ಹರಿಯುತ್ತವೆ.

ಅದೇ ವರ್ಷದ ನ್ಯೂಟ್ರಾನ್ ಪ್ರಯೋಗಗಳು, ಬೇರಿಯಂ ಸೇರದ ಮೂಲ ಆಕ್ಸೈಡಿನಲ್ಲಿ ಸ್ಪಿನ್‌ಗಳು ಹೀಗೆ ಜೊತೆ ಬದಲಿಸುತ್ತಿಲ್ಲ, ಒಂದು ಮೇಲಕ್ಕೆ ಒಂದು ಕೆಳಕ್ಕೆ ಎಂದು ಸಾಲಾಗಿ ನಿಂತಿವೆ ಎಂದು ತೋರಿಸಿದವು. ಆಂಡರ್ಸನ್ ಚಿತ್ರವನ್ನು ತಿದ್ದಿದರು. ಮುಂದೆ, ಪದರಗಳ ನಡುವೆ ಜೋಡಿಗಳು ಜಿಗಿಯುವುದೇ ಅತಿವಾಹಕತೆಯ ಮೂಲ ಎಂಬ ಇನ್ನೊಂದು ಸಿದ್ಧಾಂತ ಕಟ್ಟಿದರು. ಕಾಂತಕ್ಷೇತ್ರ ಪದರಗಳ ನಡುವೆ ಎಷ್ಟು ಆಳ ಇಳಿಯಬೇಕೆಂದು ಅದರಿಂದ ಒಂದು ಖಚಿತ ಅಂಕಿ ಬರುತ್ತಿತ್ತು. 1998ರಲ್ಲಿ ಥ್ಯಾಲಿಯಂ ಇರುವ ತಾಮ್ರದ ಆಕ್ಸೈಡಿನ ಮೇಲೆ ಅಳತೆ ನಡೆದಾಗ ಅಂಕಿಗೂ ಅಳತೆಗೂ ಹತ್ತು ಪಟ್ಟಿಗಿಂತ ಹೆಚ್ಚು ಅಂತರ ಬಂತು. ಅವರು ಆ ಸಿದ್ಧಾಂತವನ್ನು ಕೈಬಿಟ್ಟು 1987ರ ವಿಚಾರಕ್ಕೇ ಮರಳಿದರು. ವಾಗ್ವಾದದಲ್ಲಿ ಒರಟರೆಂದು ಹೆಸರಾದ ಅವರ ಈ ನಡೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ತಪ್ಪೆಂದು ತೋರಿಸಲು ಬರುವಂತೆಯೇ ಅವರು ಸಿದ್ಧಾಂತವನ್ನು ಕಟ್ಟಿದ್ದರು.

2020ರ ಮಾರ್ಚ್ 29ರಂದು ಪ್ರಿನ್ಸ್‌ಟನ್‌ನಲ್ಲಿ, 96ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ತಾಮ್ರದ ಆಕ್ಸೈಡುಗಳ ಒಗಟು ಬಿಡಿಸಿರಲಿಲ್ಲ, ಈಗಲೂ ಬಿಡಿಸಿಲ್ಲ. ಜೊತೆ ಬದಲಿಸುವ ಸ್ಪಿನ್‌ಗಳ ಹುಡುಕಾಟ ಮಾತ್ರ ಬೇರೆ ವಸ್ತುಗಳತ್ತ ಹೊರಳಿದೆ. ಹರ್ಬರ್ಟ್‌ಸ್ಮಿತೈಟ್ ಎಂಬ ಹಸಿರು ಖನಿಜದಲ್ಲಿ ತಾಮ್ರದ ಪರಮಾಣುಗಳು ಮೂಲೆಗೆ ಮೂಲೆ ತಾಗಿದ ತ್ರಿಕೋನಗಳಾಗಿ ಕೂತಿವೆ. ಇಂಥ ಜೋಡಣೆಯಲ್ಲಿ ಸ್ಪಿನ್‌ಗಳಿಗೆ ಒಂದು ಮೇಲೆ ಒಂದು ಕೆಳಗೆ ಎಂದು ಸಾಲಾಗಿ ನಿಲ್ಲಲು ಬರುವುದಿಲ್ಲ. ಅದನ್ನು ಒಂದು ಕೆಲ್ವಿನ್‌ನ ಇಪ್ಪತ್ತನೆಯ ಒಂದು ಭಾಗಕ್ಕೆ ತಣಿಸಿದರೂ ಯಾವ ಶಿಸ್ತೂ ಕಾಣಿಸಿಲ್ಲ. ಅದು ಆಂಡರ್ಸನ್ 1973ರಲ್ಲಿ ಮೊದಲು ಊಹಿಸಿದ, ಜೊತೆ ಬದಲಿಸುವ ಸ್ಪಿನ್‌ಗಳ ಸ್ಥಿತಿಯೇ ಹೌದೇ ಎಂಬ ಚರ್ಚೆ ಮುಗಿದಿಲ್ಲ. ಅಡ್ಡಿಯಾಗಿರುವುದು ಖನಿಜದ ಬೆರಕೆಯೇ: ಸತುವು ಇರಬೇಕಾದ ಜಾಗಗಳಲ್ಲಿ ಅಲ್ಲಲ್ಲಿ ತಾಮ್ರ ಸೇರಿಕೊಂಡಿದೆ, ಅಳತೆಯಲ್ಲಿ ಕಾಣುವುದು ಯಾವುದರ ಗುಣ ಎಂದು ಬೇರ್ಪಡಿಸುವ ಕೆಲಸ ಇನ್ನೂ ನಡೆದಿದೆ.